ಇಬ್ಬರ ಪಾಲಿನ ಕೊಳ

೧೯೮೨ರ ಬೇಸಿಗೆಯ ಒಂದು ಬೆಳಿಗ್ಗೆ ಕನೀಜ್ ಬ್ಯಾಟರಾಯನಪುರದ ಸ್ಟಾಪಿನಲ್ಲಿ ಶಿವಾಜಿನಗರದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಚಿಕ್ಕಮಾರಯ್ಯನನ್ನು ಹುಡುಕಿಕೊಂಡು ಅವನ ತಮ್ಮ ಬೈರಣ್ಣ ದಾಪುಗಾಲು ಹಾಕುತ್ತಾ ಬಂದ.

"ಜಿಲೇಬಿ ಮೀನು ಬಿಡ್ಬ್ಯಾಡ ಅಂತ ಏಳಿರ್ಲಿಲ್ವಾ ಅಣ್ಣ? ನನ್ ಗೋಲ್ಡ್ ಫಿಶ್ ಜೊತೆ ಅವು ಒಂದಾಗಿ ಇರಲ್ಲ."

"ಮನೆ ಭಾಗ ಆದಾಗ ಮನೆ ಮುಂದಿನ ಕೊಳ ಇಬ್ರಿಗೂ ಅಂತ ಆಯ್ತಲ್ಲ. ನನ್ ಪಾಲಿನ ನೀರಿಗೆ ನಾನ್ ಬಿಟ್ಟೆ."

"ನೀರಿಗೆ ಗೋಡೆ ಕಟ್ಟಕಾಯ್ತದಾ? ಬಾಲ, ರೆಕ್ಕೆ ಎಲ್ಲಾ ಕಿತ್ತು ತಿಂದವೆ."

"ನಿನ್ನವು ಮೈಗಳ್ಳ ಮೀನು. ತಪ್ಪಿಸ್ಕೊಳ್ಳಕ್ಕೂ ಬರಲ್ಲ."

"ಅವ್ವ ಆಸಿಗೆ ಹಿಡ್ದಾಗಿಂದ ಕಿಟಕೀಲಿ ಅವನ್ನೇ ನೋಡ್ಕಂಡು ಮಲ್ಗಿರ್ತಾಳೆ ಅಂತ ನಿಂಗೊತ್ತಿತ್ತು."

"ಯಾಕೆ, ನನ್ ಮೀನು ನೋಡಿದ್ರೆ ಅವ್ವನ ಕಣ್ಣು ನೋಯ್ತವಾ?"

ಕನೀಜ್ ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ತಿರುಗಿದಳು. ಕಿವಿ ಮಾತ್ರ ಇಲ್ಲೇ ಇತ್ತು.

ಬೈರಣ್ಣನ ದನಿ ಇದ್ದಕ್ಕಿದ್ದಂತೆ ತಗ್ಗಿತು.

"ಇವತ್ತು ನನ್ ಕೊನೇ ಮೀನೂ ಸತ್ತು ತೇಲ್ತು. ಅದಕ್ಕೇ ಕೊಳದ ತೂಬು ಕಿತ್ತು ಬಂದೆ. ನಿನ್ ಜಿಲೇಬಿ ಈಗ ಕೆಸ್ರಲ್ಲಿ ಒದ್ದಾಡ್ತಾ ಅವೆ."

ಚಿಕ್ಕಮಾರಯ್ಯ ಅವನ ಕೊರಳಪಟ್ಟಿಗೆ ಕೈ ಹಾಕಿದ. ಹಾಕಿದ ಕೈ ಹಾಗೇ ಸಡಿಲವಾಯಿತು.

"ಅವ್ವ ನೋಡಿದ್ಲೇನೋ?"

"ಕಿಟಕಿ ಮುಚ್ಚೇ ಕಿತ್ತಿದ್ದು. ತೆಗಿ ತೆಗಿ ಅಂತ ಕೂಗ್ತಾವ್ಳೆ. ನೀನೇ ಓಗಿ ತೆಗಿ."

ಅಷ್ಟರಲ್ಲಿ ಬಸ್ಸು ಬಂತು. ಚಿಕ್ಕಮಾರಯ್ಯ ಪಂಚೆ ಎತ್ತಿಕಟ್ಟಿ ಊರಿನ ಕಡೆ ಓಡಿದ. ಬೈರಣ್ಣ ಅವನ ಹಿಂದೆ ಹೋಗಲಿಲ್ಲ. ಹೆಬ್ಬಾಳದ ದಾರಿ ಹಿಡಿದು ನಡೆದುಬಿಟ್ಟ.