ಮದುಮಗಳ ವೇಲಿಗೆ ರಂಪಣಿಯ ಗಂಟು

ಅಲ್ಲ ಮಾರಾಯ್ತಿ, ಈ ವೇಲಿನ ಮೇಲಿರುದು ಡಿಸೈನ್ ಅಲ್ಲ, ತೇಪೆ. ಹೌದು, ತೇಪೆ! ನೀನು ಮಣಿಪಾಲದಲ್ಲಿ ಡಿಸೈನ್ ಕಲಿತು ಬಂದವಳು, ನಿಂಗೆ ಅದು ಡಿಸೈನ್ ಹಾಗೆ ಕಾಣ್ತದೆ, ಅದು ನಂಗೆ ಸಂತೋಷವೇ. ಇವತ್ತು ಮಧ್ಯಾಹ್ನ ಆ ಹುಡುಗಿ ಪ್ಯಾಕೆಟ್ ಬಿಚ್ಚಿ ಇದನ್ನು ಹೊರಗೆ ತೆಗೆದಾಗ ನಾನು ಇದಕ್ಕೆ ಮುಖ ಒತ್ತಿ ಕೂತುಬಿಟ್ಟೆ, ನೀನು ಅಜ್ಜಿಗೆ ಶುಗರ್ ಕಮ್ಮಿ ಆಯ್ತು ಅಂತ ಬೆಲ್ಲ ತರ್ಲಿಕ್ಕೆ ಓಡಿದೆ. ಶುಗರೂ ಅಲ್ಲ, ಬಿಪಿಯೂ ಅಲ್ಲ ನಿಶಾ. ನನ್ನ ಅಪ್ಪ ಹೇಳಿ ಹಾಕಿಸಿದ ಗಂಟು ಇಷ್ಟು ವರ್ಷ ಆದ ಮೇಲೆ ಹಾಗೇ ನನ್ನ ಮಡಿಲಿಗೆ ಬಂದು ಬಿದ್ದರೆ ಮತ್ತೆ ಎಂತ ಮಾಡುದು? ಕೂತ್ಕೊಳ್ಳಿ ಮಕ್ಕಳೇ ಎಲ್ರೂ ಇಲ್ಲಿ. ಕೈ ತೊಳ್ದು ಬಂದಿದ್ದೀರಾ? ಚಕ್ಕುಲಿ ತಿಂದ ಕೈಯಲ್ಲಿ ಇದನ್ನು ಮುಟ್ಟಿದ್ರೆ ನಾನು ಸುಮ್ಮನಿರುದಿಲ್ಲ ನೋಡಿ.

ಆ ಹುಡುಗಿ ರಿಯಾ, ಬರುವ ತಿಂಗಳು ಅವಳ ಮದುವೆ. ಅವಳ ಅಜ್ಜಿ ಲಿಲ್ಲಿ, ತನ್ನ ಮದುವೆಯ ದಿನ ಇಗರ್ಜಿಗೆ, ಅಂದ್ರೆ ಚರ್ಚಿಗೆ, ಹೋಗುವಾಗ ತಲೆಯ ಮೇಲಿಂದ ಇಳಿಬಿಟ್ಟ ಬಿಳಿ ನೆಟ್ಟಿನ ವೇಲ್ ಇದು. ರಿಯಾಳಿಗೆ ತನ್ನ ಮದುವೆಗೂ ಇದನ್ನೇ ಸರಿ ಮಾಡಿಸಿ ಹಾಕ್ಬೇಕಂತೆ. ಈಗ ನೋಡಿದ್ರೆ ಹಳದಿಯಾಗಿ ಅಲ್ಲಲ್ಲಿ ಎಳೆ ಬಿಟ್ಟುಹೋಗಿದೆ. ನೀನು ಅವಳಿಗೆ ಎಂತ ಹೇಳಿದ್ದು? ಇದಕ್ಕೆ ಕತ್ತರಿ ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ, ಗಾಜಿನ ಫ್ರೇಮ್ ಹಾಕಿ ಗೋಡೆಯಲ್ಲಿ ಇಡಿ ಅಂತ. ಪಾಪ, ಅವಳ ಮುಖ ಸಣ್ಣದಾಯ್ತು, ನಾಳೆ ಬರ್ತೇನೆ ಅಂತ ಹೇಳಿ ಹೋದಳು. ಈಗ ನಾನು ಹೇಳ್ತೇನೆ, ನೀನು ಕೇಳು.

ನನ್ನ ತವರು ಹೆಜಮಾಡಿ ಅಲ್ವಾ, ಕಡಲಬದಿ. ಕಾಪುವಿನಲ್ಲಿ ಮನೆ ಮಾಡಿದ್ದು ಮದುವೆಯಾದ ಮೇಲೆ, ಅದು ಬಿಡಿ, ಅದು ಬೇರೆ ಕಥೆ. ರಂಪಣಿ ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟಾ? ದೊಡ್ಡ ಬಲೆ. ದೊಡ್ಡದು ಅಂದ್ರೆ ಊರಿನಷ್ಟೇ ದೊಡ್ಡದು. ದೋಣಿಯಲ್ಲಿ ಕೊಂಡುಹೋಗಿ ಕಡಲಲ್ಲಿ ಬಿಲ್ಲಿನ ಹಾಗೆ ಬಳಸಿ ಬಿಟ್ಟು ಬರುದು, ಎರಡು ಬದಿಯ ಹಗ್ಗ ದಡದಲ್ಲಿರ್ತದೆ, ಗಂಡಸರೆಲ್ಲ ಎರಡು ಸಾಲಾಗಿ ನಿಂತು ಎಳೀಬೇಕು. ಒಂದು ಸಾಲು ಜೋರು ಎಳೆದು ಇನ್ನೊಂದು ಸಾಲು ಉದಾಸೀನ ಮಾಡಿದ್ರೆ ಮೀನೆಲ್ಲ ಆ ಕಡೆಯಿಂದ ಜಾರಿ ಹೋಗಿ ಆಯ್ತು. ಆ ಬಲೆಯಲ್ಲಿ ಪ್ರತಿ ಮನೆಗೂ ಒಂದೊಂದು ತುಂಡು, ಎಲ್ಲ ಜೋಡಿಸಿ ಒಂದು ರಂಪಣಿ. ನಮ್ಮ ಮನೆಯ ತುಂಡು ಅಪ್ಪ ಕೈಯಾರೆ ಕಟ್ಟಿದ್ದು. ಹರಿದದ್ದನ್ನು ಕಟ್ಟುದರಲ್ಲಂತೂ ಅಪ್ಪನೇ ಮುಂದೆ, ಊರಿಡೀ ಬಲೆ ಹೊತ್ತುಕೊಂಡು ನಮ್ಮ ಅಂಗಳಕ್ಕೇ ಬರುದು. ನಾನು ಪಕ್ಕದಲ್ಲಿ ಕೂತು ನೂಲು ಸುತ್ತಿ ಕೊಡ್ತಿದ್ದೆ, ನೋಡಿ ನೋಡಿ ಗಂಟು ಹಾಕ್ಲಿಕ್ಕೆ ನಂಗೂ ಬಂತು.

ಆಮೇಲೆ ಬಂತು ನೋಡಿ ಪರ್ಸೀನ್ ಅಂತ ಇಂಜಿನ್ ಬೋಟು. ಮೀನು ದಡದ ಹತ್ತಿರ ಬರುವ ಮೊದಲೇ ಹೊರಗಿನಿಂದಲೇ ಬಳಿದುಕೊಂಡು ಹೋಗುದು. ರಂಪಣಿ ಎಳೆದ್ರೆ ಬರೀ ಕಸ, ಜೆಲ್ಲಿ ಮೀನು. ಎಷ್ಟು ದಿನ ಎಳೀತಾರೆ? ಕೊನೆಗೆ ರಂಪಣಿ ಬಿಚ್ಚಿದ್ರು, ಅವರವರ ತುಂಡು ಅವರವರ ಮನೆಗೆ. ಮೀನುಗಾರರ ಮನೆಯಲ್ಲಿ ಮೀನಿಲ್ಲದ ಗಂಜಿ ಉಂಡದ್ದು ನಾವು, ಗೊತ್ತುಂಟಾ? ಉಪ್ಪಿನಕಾಯಿಯ ರಸ ನೆಕ್ಕಿಕೊಂಡು ಉಣ್ಣುದು. ಅಮ್ಮ ಬುಟ್ಟಿ ಹೊತ್ತು ಮನೆ ಮನೆಗೆ ಹೋಗಿ ಮೀನು ಮಾರುವವರು, ಈಗ ಬುಟ್ಟಿ ಕವುಚಿ ಹಾಕಿ ಕೂತಿದ್ರು. ಅಕ್ಕಪಕ್ಕದವರು ತಮ್ಮ ತುಂಡನ್ನು ಕತ್ತರಿಸಿ ಸಣ್ಣ ಕೈಬಲೆ ಮಾಡಿಕೊಂಡ್ರು. ಅಪ್ಪನಿಗೆ ಆ ಮಾತೇ ಆಗುದಿಲ್ಲ. ರಂಪಣಿಗೆ ಕತ್ತರಿ ಹಾಕುದಾ, ನನ್ನ ಜೀವ ಇರುವವರೆಗೆ ಆಗ್ಲಿಕ್ಕಿಲ್ಲ ಅಂತ ಹೇಳಿ, ತುಂಡನ್ನು ಸುತ್ತಿ ಮನೆಯ ಮಾಡಿನ ಮರಕ್ಕೆ, ಪಕ್ಕಾಸಿಗೆ, ತೂಗಿ ಹಾಕಿ, ಬಲೆ ಕಟ್ಟುವ ಬಿದಿರಿನ ಸೂಜಿಯನ್ನೂ ಅದರೊಳಗೇ ಚುಚ್ಚಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ್ರು. ವರ್ಷ ಕಳೀತಾ ಬಂದರೂ ಏಳ್ಲಿಲ್ಲ. ಊಟಕ್ಕೆ ಏಳುದು, ಪುನಃ ಮಲಗುದು. ನಂಗೆ ಹಸಿವಿಗಿಂತ ಅದೇ ಹೆಚ್ಚು ಹೆದರಿಕೆ ಇತ್ತು, ಅಪ್ಪ ಹಾಗೇ ಮಲಗಿ ಮಲಗಿ ಹೋಗಿಬಿಡ್ತಾರಾ ಅಂತ.

ಹಾಗೆ ನಾನು ಕೆಲಸಕ್ಕೆ ಸೇರಿದ್ದು. ಕಾಪು ಪೇಟೆಯಲ್ಲಿ ಪೌಲಣ್ಣನ ಟೈಲರ್ ಅಂಗಡಿ. ಎಂಬ್ರಾಯ್ಡರಿಯಾ? ಅದೆಲ್ಲ ಎಲ್ಲಿಯದು! ನಂದು ಗುಂಡಿಗೆ ಕಾಜ ಮಾಡುದು, ಹುಕ್ಸ್ ಹಾಕುದು, ಹೆಮ್ಮಿಂಗ್, ಸಂಜೆ ಚಿಂದಿ ಗುಡಿಸುದು. ಪೌಲಣ್ಣ ಒಳ್ಳೆ ಜನ, ಆದ್ರೆ ಹೆದರುಪುಕ್ಕಲ, ಗಿರಾಕಿ ಸ್ವರ ಏರಿಸಿದ್ರೆ ಕತ್ತರಿ ಕೆಳಗೆ ಬೀಳ್ತಿತ್ತು. ನನ್ನ ಆ ಕೆಲಸದಿಂದಲೇ ಮನೆಯಲ್ಲಿ ಒಲೆ ಉರೀತಿದ್ದದ್ದು.

ಆಗ ಬಂತು ಶಿರ್ವದ ಲಿಲ್ಲಿಯ ಮದುವೆ. ಈ ವೇಲು ಬೊಂಬಾಯಿಯಿಂದ ಅವಳ ಅಣ್ಣ ಕಳಿಸಿದ್ದು, ಅಂಚಿಗೆ ಲೇಸ್ ಇಡ್ಲಿಕ್ಕೆ ಅಂತ ನಮ್ಮಲ್ಲಿಗೆ ಬಂದದ್ದು. ನಾಳೆ ಮದುವೆ ಅಂದ್ರೆ ಇವತ್ತು ಸಂಜೆ ರೋಸ್. ರೋಸ್ ಅಂದ್ರೆ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ, ಅಷ್ಟೊತ್ತಿಗೆ ವೇಲು ಮನೆಗೆ ಮುಟ್ಟಬೇಕು. ಪೌಲಣ್ಣ ಲೇಸ್ ಇಟ್ಟು, ಇಸ್ತ್ರಿ ಹಾಕಿ, ಚಂದ ಕಾಣ್ಲಿ ಅಂತ ಬಾಗಿಲ ಹತ್ತಿರದ ಮೊಳೆಗೆ ತೂಗಿ ಹಾಕಿದ್ರು. ಅವತ್ತು ಬೆಳಿಗ್ಗೆಯೇ ಕಡಲಗಾಳಿ ಜೋರಿತ್ತು. ಗಾಳಿಗೆ ವೇಲು ಹಾರಿ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತು, ಅದೇ ಹೊತ್ತಿಗೆ ಬಾಗಿಲು ದಢಾರ್ ಅಂತ ಬಡೀತು. ಪರ್... ಅಂತ ಒಂದು ಶಬ್ದ. ಈಗಲೂ ಕಿವಿಯಲ್ಲಿ ಉಂಟು. ಪೌಲಣ್ಣ "ಸಾಯ್ಬಾ ಭೊಗೊಸ್" ಅಂತ ತಲೆ ಮೇಲೆ ಕೈ ಹೊತ್ತು ನೆಲದಲ್ಲೇ ಕೂತ್ರು. ದೇವರೇ ಕ್ಷಮಿಸು ಅಂತ ಅರ್ಥ. ಆ ತರದ ನೆಟ್ಟು ಉಡುಪಿಯಲ್ಲಿಯೂ ಇಲ್ಲ. ಇದು ಆ ಬಾಯಮ್ಮನಿಗೆ ಗೊತ್ತಾದ್ರೆ, ಬಾಯಮ್ಮ ಅಂದ್ರೆ ಲಿಲ್ಲಿಯ ತಾಯಿ, ನಂಗೂ ಅಂಗಡಿ ಇಲ್ಲ ನಿಂಗೂ ಕೆಲಸ ಇಲ್ಲ ಅಂತ ಅತ್ತೇ ಬಿಟ್ರು ಪೌಲಣ್ಣ.

ನನ್ನ ಬಾಯಿಗೆ ಎಂತ ಬಂತೋ. ನೆಟ್ಟು ಅಂದ್ರೆ ಬಲೆಯೇ ಅಲ್ವಾ ಪೌಲಣ್ಣ, ನಮ್ಮ ಅಪ್ಪ ಕಟ್ಟಿ ಕೊಡ್ತಾರೆ ಅಂದೆ. ಹೇಳಿದ್ದು ಹೇಳಿಯಾಯ್ತು, ಅಪ್ಪ ಎದ್ದು ಕೂರುದೇ ಇಲ್ಲ ಅಂತ ಹೇಳ್ಲಿಲ್ಲ. ವೇಲನ್ನು ಬಿಳಿ ಪಂಚೆಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ನೋಡಿದ್ರೆ ಕಾಲಿಡ್ಲಿಕ್ಕೆ ಜಾಗ ಇಲ್ಲ, ಮೀನಿನ ಬುಟ್ಟಿಗಳು, ನೀರು ತೊಟ್ಟಿಕ್ತಾ ಉಂಟು! ಗಂಟನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ಅರ್ಧ ದಾರಿ ನಿಂತೇ ಬಂದೆ. ಕಂಡಕ್ಟರ್ ಕೇಳಿದ, ಎಂತ ಅಕ್ಕಾ ಅದು, ದೇವರ ಮೂರ್ತಿಯಾ ಅಂತ. ಹೌದು ಅಂದೆ, ಸೀಟು ಬಿಡಿಸಿ ಕೊಟ್ಟ.

ಮನೆಗೆ ಬಂದು ಅಪ್ಪನ ಬೆನ್ನ ಹಿಂದೆ ಕೂತು ವೇಲು ಬಿಡಿಸಿದೆ. ಅಪ್ಪ ಅರ್ಧ ತಿರುಗಿದ್ರು. ಎಂತದು ಅದು ಅಂದ್ರು. ಬಲೆ ಅಂದೆ. ಇಷ್ಟು ಸಪೂರ ಬಲೆಯಲ್ಲಿ ಎಂತ ಮೀನು ಹಿಡಿಯುದು ಅಂದ್ರು. ಅಷ್ಟೊತ್ತಿಗೆ ಒಳಗಿನಿಂದ ಅಮ್ಮ, "ಗಂಡನನ್ನು ಹಿಡಿಯುದು" ಅಂತ ಹೇಳಬೇಕಾ! ಅಪ್ಪ ನಕ್ಕರು. ಮಕ್ಕಳೇ, ಆ ನಗು ಕೇಳದೆ ಎಷ್ಟು ಕಾಲ ಆಗಿತ್ತು ಅಂತ ನಿಮಗೆ ಹೇಗೆ ಹೇಳುದು ನಾನು. ಎದ್ದು ಕೂತ್ರು. ವೇಲನ್ನು ಬೆಳಕಿಗೆ ಹಿಡಿದು ಹರಿದ ಬಾಯಿಯ ಸುತ್ತ ಬೆರಳಾಡಿಸಿದ್ರು. ಹಗ್ಗ ಎಳೆದು ದಪ್ಪ ಆದ ಬೆರಳು, ಆ ನೆಟ್ಟಿನ ಮೇಲೆ ಹೂವು ಮುಟ್ಟಿದ ಹಾಗೆ ಮುಟ್ಟಿದ್ರು. ಮತ್ತೆ, "ಕತ್ತರಿ ತಾ" ಅಂದ್ರು.

ನಾನು ವೇಲಿಗೆ ಅಡ್ಡ ಕೈ ಇಟ್ಟೆ. ಹೊಲೀಲಿಕ್ಕೆ ತಂದದ್ದು ಅಪ್ಪ, ಕತ್ತರಿ ಯಾಕೆ ಅಂದೆ. ಆಗ ಅಪ್ಪ ಹೇಳಿದ ಮಾತು ನೋಡು ನಿಶಾ, ಕಿವಿ ಕೊಟ್ಟು ಕೇಳು. "ಹರಿದ ಬಾಯಿಗೆ ಗಂಟು ಹಾಕಿದ್ರೆ ಗಂಟು ನಿಲ್ಲುದಿಲ್ಲ ಮಗಾ. ಗಟ್ಟಿ ಕಣ್ಣು ಸಿಗುವವರೆಗೆ ಕತ್ತರಿಸಬೇಕು. ಕಟ್ಟುದು ಆಮೇಲೆ." ಕಣ್ಣು ಅಂದ್ರೆ ಬಲೆಯ ತೂತು. ಬಲೆ ಕಟ್ಟುವವರೆಲ್ಲ ಹಾಗೇ ಮಾಡುದು, ನಂಗೂ ಗೊತ್ತಿತ್ತು, ಆದ್ರೆ ಮದುಮಗಳ ವೇಲಿಗೆ ಕತ್ತರಿ ಇಡುದು ಅಂದ್ರೆ! ಕಣ್ಣು ಮುಚ್ಚಿ ಇಟ್ಟೆ. ಅಲ್ಲ, ಕಣ್ಣು ಮುಚ್ಚಿ ಎಲ್ಲಿ ಕತ್ತರಿಸ್ಲಿಕ್ಕಾಗ್ತದೆ, ಉಸಿರು ಹಿಡಿದು ಅಂತ ಹೇಳಬೇಕು. ಎಳೆ ಬಿಟ್ಟದ್ದೆಲ್ಲ ಹೋದಾಗ ಅಂಗೈ ಅಗಲದ ತೂತು, ಡೈಮಂಡ್ ಆಕಾರ. ಅಪ್ಪನ ಬೆರಳಲ್ಲಿ ಸಣ್ಣ ಸೂಜಿ ನಿಲ್ಲುದಿಲ್ಲ. ಹಾಗೆ ಅವರು ಹೇಳುದು, ನಾನು ಗಂಟು ಹಾಕುದು. ಕಣ್ಣೆಲ್ಲ ಒಂದೇ ಅಳತೆ ಬರ್ಬೇಕಲ್ಲ, ಅದಕ್ಕೆ ಗುಡಿಸ್ಲಿಕ್ಕೆ ತಂದ ಹೊಸ ಹಿಡಿಸೂಡಿಯಿಂದ ಒಂದು ತೆಂಗಿನ ಕಡ್ಡಿ ಎಳೆದು ತೊಳ್ದು ಕೊಟ್ರು, ಅದಕ್ಕೆ ನೂಲು ಸುತ್ತಿ ಸುತ್ತಿ ಗಂಟು. ಎಡಕ್ಕೆ ಎಳಿ, ಸಡಿಲ ಬಿಡ್ಬೇಡ, ಅದು ಜಾರಿತು, ಬಿಚ್ಚು ಅಂತ ಬೈಗುಳ ಬೇರೆ. ಬೈಗುಳ ಕೇಳಿ ನಂಗೆ ಎಷ್ಟು ಖುಷಿ!

ತೂತು ಮುಚ್ಚಿತು. ಆದ್ರೆ ಎಂತ ಮಾಡುದು, ತೇಪೆ ಕಾಣ್ತದೆ. ನೆಟ್ಟಿನ ಕಣ್ಣು ಸಾಸಿವೆಯಷ್ಟು, ನಮ್ಮ ಕಣ್ಣು ಮೆಂತೆಯಷ್ಟು. ನಾನು ಅಳ್ಲಿಕ್ಕೆ ಶುರು. ಅಪ್ಪ ವೇಲನ್ನು ಚಾಪೆಯ ಮೇಲೆ ಉದ್ದಕ್ಕೆ ಹಾಸಿ ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ, ರಂಪಣಿಯ ಎರಡು ಕೈ, ಎರಡು ಬದಿ, ಸಮ ಇರ್ಬೇಕು, ಈ ಕಡೆಯೂ ಕತ್ತರಿಸು ಅಂದ್ರು. ಹರಿಯದ ಕಡೆ! ಹೊಸ ನೆಟ್ಟು! ನಾನು ಕತ್ತರಿ ಇಟ್ಟು ಕಚಕ್ ಅನ್ನಿಸುದಕ್ಕೂ ಪೌಲಣ್ಣ ಅಂಗಳಕ್ಕೆ ಕಾಲಿಡುದಕ್ಕೂ ಸರಿಹೋಯ್ತು. ಅಂಗಡಿಯಲ್ಲಿ ಕೂರ್ಲಿಕ್ಕಾಗದೆ ಇನ್ನೊಂದು ಬಸ್ಸು ಹತ್ತಿ ಬಂದಿದ್ರು. ಅದನ್ನು ಕಂಡು ತುಳಸಿಕಟ್ಟೆ ಹಿಡಿದು ನಿಂತ್ರು. ಅಮ್ಮ ಚೆಂಬಿನಲ್ಲಿ ನೀರು, ತುಂಡು ಬೆಲ್ಲ ತಂದುಕೊಟ್ರು. ಎರಡನೇ ಡೈಮಂಡ್ ಮುಗಿಯುವವರೆಗೆ ಪೌಲಣ್ಣ ಅಪ್ಪನ ಪಕ್ಕದಲ್ಲಿ ಕೂತು ಬಾಯಿಪಾಠ ಪ್ರಾರ್ಥನೆ ಹೇಳ್ತಿದ್ರು, ಅಪ್ಪ ನಡುನಡುವೆ ಸ್ವಲ್ಪ ಮೆಲ್ಲ ಹೇಳಿ ಪೊರ್ಬುಗಳೇ, ಅವಳಿಗೆ ಗಂಟು ತಪ್ತದೆ ಅಂತಿದ್ರು. ಕ್ರಿಸ್ತುವರನ್ನು ನಮ್ಮಲ್ಲಿ ಪೊರ್ಬುಗಳು ಅಂತ ಕರೆಯುದು.

ಹೊರಡುವಾಗ ಅಮ್ಮ ಅಂಗಳದ ಗಿಡದಿಂದ ಇದ್ದಷ್ಟು ಮಲ್ಲಿಗೆ ಕೊಯ್ದು ಗಂಟಿನೊಳಗೆ ಹಾಕಿದ್ರು. ಮೀನಿನ ಮನೆಯಿಂದ ಹೋಗುದಲ್ವಾ, ವಾಸನೆ ಬರ್ಬಾರ್ದು ಅಂತ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತ ಗಾದೆ ಉಂಟಲ್ಲ, ನಮ್ಮದು ಅದೇ ಅಂತ ಅವರೇ ಹೇಳಿ ಅವರೇ ನಕ್ಕರು.

ಶಿರ್ವದಲ್ಲಿ ಚಪ್ಪರ ಹಾಕಿ ಆಗಿತ್ತು, ಹೆಂಗಸರು ರೋಸಿಗೆ ತೆಂಗಿನಕಾಯಿ ತುರೀತಿದ್ರು. ಪೌಲಣ್ಣ ದಾರಿಯುದ್ದಕ್ಕೂ ಹೇಳಿ ಕೊಟ್ಟಿದ್ರು, ನೀನು ಬಾಯಿ ಬಿಡ್ಬೇಡ, ಇದು ಹೊಸ ಡಿಸೈನ್ ಅಂತ ನಾನು ಹೇಳ್ತೇನೆ ಅಂತ. ಬಾಯಮ್ಮ ಗಂಟು ಬಿಚ್ಚಿ, ಮಲ್ಲಿಗೆ ಬದಿಗಿಟ್ಟು, ವೇಲು ಬಿಡಿಸಿ, ಇದೆಂತ ಅಂತ ಕೇಳಿದ್ರು. ಪೌಲಣ್ಣ ಅಂಚಿನ ಲೇಸ್ ತೋರಿಸಿದ್ರು. ನಾನೇ ಹೇಳಿದೆ, ಗಾಳಿಗೆ ಹರೀತು ಬಾಯಮ್ಮ, ನಮ್ಮ ಅಪ್ಪ ರಂಪಣಿಯ ಗಂಟು ಹಾಕಿಸಿ ಕೊಟ್ಟದ್ದು ಅಂತ. ಹರಿಯದ ಕಡೆ ಕತ್ತರಿಸಿದ ಗುಟ್ಟು ಮಾತ್ರ ಹೇಳ್ಲಿಲ್ಲ. ಬಾಯಮ್ಮನ ಮುಖ ಕೆಂಪಾಯ್ತು. ಆಗ ಲಿಲ್ಲಿ ಬಂದಳು, ನನ್ನದೇ ಪ್ರಾಯ. ತಾಯಿಯ ಕೈಯಿಂದ ತಕ್ಕೊಂಡು ತಲೆಗೆ ಹಾಕಿ ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ ನೋಡಿದಳು. ಎರಡು ಡೈಮಂಡ್ ಎರಡು ಹೆಗಲ ಮೇಲೆ ಸರಿಯಾಗಿ ಕೂತಿತ್ತು. "ಹರಿದದ್ದು ಯಾವ ಕಡೆ?" ಅಂತ ಕೇಳಿದಳು. ಬಾಯಮ್ಮ ಮುಟ್ಟಿ ಮುಟ್ಟಿ ನೋಡಿದ್ರು, ಗೊತ್ತಾಗ್ಲಿಲ್ಲ. ನಾನು ಬದಿಗಿಟ್ಟ ಮಲ್ಲಿಗೆ ಹೆಕ್ಲಿಕ್ಕೆ ಕೂತೆ. ಲಿಲ್ಲಿ ನನ್ನನ್ನು ನೋಡಿ ನಕ್ಕಳು. ಹಾಗಾದ್ರೆ ಹರಿಯದ ಕಡೆಗೆ ಕತ್ತರಿ ಇಟ್ಟವಳು ನೀನೇ, ನಿಂಗೆ ಧೈರ್ಯ ಉಂಟು ಅಂದಳು!

ಆಮೇಲೆ ಎಂತ, ಲಿಲ್ಲಿಯ ವೇಲಿನ ಡಿಸೈನ್ ಬೇಕು ಅಂತ ಜನ ಬರ್ಲಿಕ್ಕೆ ಶುರು. ಪೌಲಣ್ಣ ನನ್ನ ಕೈಯಿಂದ ಕಾಜದ ಸೂಜಿ ತೆಗೆದು ಎಂಬ್ರಾಯ್ಡರಿ ರಿಂಗ್ ಕೊಟ್ರು. ನೀನು ಈಗ ಫೋನಿನಲ್ಲಿ ಹಾಕಿ ಮಾರುವ ಡಿಸೈನ್ ಎಲ್ಲ ಬಂದದ್ದು ಅಲ್ಲಿಂದ. ಆ ನೀಲಿ ಸೀರೆಯ ಬಾರ್ಡರಿನ ಗೆರೆ ಅಲೆ ಅಂತ ಎಲ್ರೂ ಹೇಳ್ತಾರೆ, ಅಲೆಯೂ ಇಲ್ಲ ಎಂತದೂ ಇಲ್ಲ, ಅದು ಬಂಗುಡೆ ಮೀನಿನ ಬೆನ್ನು. ರವಕೆಯ ತೋಳಿನದ್ದು ಅವತ್ತು ಬಸ್ಸಿನಲ್ಲಿ ಕಂಡ ಬುಟ್ಟಿಯ ಹೆಣಿಗೆ. ಬಿಡಿ, ದೊಡ್ಡ ಸಂಗತಿ ಅದಲ್ಲ. ಮದುವೆಯ ದಿನ ಬೆಳಿಗ್ಗೆ ನಾನು ಎದ್ದು ಅಂಗಳಕ್ಕೆ ಬಂದರೆ ಅಪ್ಪ ರಂಪಣಿಯ ತುಂಡನ್ನು ಪಕ್ಕಾಸಿನಿಂದ ಇಳಿಸಿ, ಹಾಸಿ, ಕತ್ತರಿ ಹಿಡಿದು ಕೂತಿದ್ರು. ಕಣ್ಣಲ್ಲಿ ನೀರು ಹರೀತಾ ಉಂಟು, ಕೈ ಕತ್ತರಿಸ್ತಾ ಉಂಟು. ಸಣ್ಣ ಕೈಬಲೆ ಮಾಡಿದ್ರು. ಆ ವಾರ ನಮ್ಮ ಮನೆಯಲ್ಲಿ ಬೂತಾಯಿ ಮೀನಿನ ಸಾರು. ಆಮೇಲೆ ತುಂಬಾ ವರ್ಷ ಬದುಕಿದ್ರು ಅಪ್ಪ, ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ನಾನು ಮತ್ತೆ ನೋಡ್ಲಿಲ್ಲ.

ಈಗ ಇಲ್ಲಿ ನೋಡು ನಿಶಾ, ದೀಪದ ಹತ್ತಿರ ತಾ. ಬೊಂಬಾಯಿಯ ನೆಟ್ಟು ಎಲ್ಲ ಕಡೆ ಬಿಟ್ಟಿದೆ, ಈ ಎರಡು ಡೈಮಂಡ್ ಮಾತ್ರ ಎಳೆದು ನೋಡು, ಎಳಿ ಮಾರಾಯ್ತಿ, ಹೆದರ್ಬೇಡ, ಹೇಗೆ ನಿಂತಿದೆ! ರಿಯಾ ಹೋಗುವಾಗ ಗೇಟಿನ ಹತ್ತಿರ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದಳು, ಅವಳ ಅಜ್ಜಿ ಹೇಳಿ ಕಳಿಸಿದ್ದಂತೆ. ಆ ಹೆಜಮಾಡಿಯ ಹುಡುಗಿ ಇದ್ರೆ ಅವಳ ಕೈಯಲ್ಲೇ ಕೊಡು, ಅವಳು ಕತ್ತರಿಗೆ ಹೆದರುವವಳಲ್ಲ ಅಂತ. ನನ್ನ ಕಣ್ಣು ಈಗ ಮಂಜು, ಗಂಟು ನೀನೇ ಹಾಕ್ಬೇಕು. ನಾನು ಪಕ್ಕದಲ್ಲಿ ಕೂತು ಬೈತೇನೆ. ಫ್ರೇಮ್ ಹಾಕಿ ಗೋಡೆಗೆ ತೂಗಿದ್ದು ಪಕ್ಕಾಸಿಗೆ ತೂಗಿದ ಬಲೆಯ ಹಾಗೆ, ಅದರಿಂದ ಯಾರಿಗೂ ಗಂಜಿ ಇಲ್ಲ. ಹೋಗು, ಹಿಡಿಸೂಡಿಯಿಂದ ಒಂದು ಒಳ್ಳೆ ಕಡ್ಡಿ ಎಳೆದು ತೊಳ್ದುಕೊಂಡು ಬಾ. ಬರುವಾಗ ಕತ್ತರಿ ತಾ.