ಈಗ ಮಾಳಿಗಿ ಹಾಕಬಹುದು

ಹಲೋ... ಯಾರ್ರೀ ಮಾತಾಡೋರು? ಕಮಲಾಪುರ ನಾಕಾ ಹೌದಲ್ರಿ?

... ಹಾಂ, ಸಿಕಂದರ್ ಸಾಬ್ರಾ? ಸಲಾಮ್ರೀ. ನಾ ಮಲ್ಲಣ್ಣ, ಕಲಬುರ್ಗಿ ಗಿರಣಿ ಆಫೀಸಿನಿಂದ. ನಮ್ಮ ಮನ್ಯಾಕಿ ಅಣ್ಣ, ಕಲ್ಯಾಣಪ್ಪನವ್ರು, ಬಂದಾರೇನ್ರಿ? ಫೋನಿನ ಹತ್ರ ಬಂದು ಕುಂದರ್ರಿ ಅಂತ ಹೇಳಿ ಕಳಿಸಿದ್ದೆ... ಕುಂತಾರಾ? ಕೊಡ್ರಿ.

... ಹಲೋ, ಮಾವಾರೇ? ಬಾಯಿ ಹತ್ರ ಹಿಡ್ಕೊಂಡು ಮಾತಾಡ್ರಿ. ಅಲ್ಲ, ಅದು ಕಿವಿಗೆ. ಇನ್ನೊಂದು. ಹಾಂ, ಈಗ ಕೇಳಸ್ತದ.

... ಮಾಳಿಗಿ ಸಲುವಾಗಿ ಮಾಡೀನ್ರಿ. ಆ ಗೌಂಡಿ ಖಂಡೆಪ್ಪ ಖಾಲಿ ಅದಾನೇನು?... ಹೌದು, ತಗಡಿನ ಪತ್ರಾಸ್ ತೆಗಸೋದೇ. ಪೂರಾ ತೆಗಸೋದು. ಮಣ್ಣಿನ ಮಾಳಿಗಿ ಹಾಕ್ಸೋದು, ನಿಮ್ಮ ಮನೀದು ಇದ್ದಂಗ.

... ಇಲ್ಲ, ಹುಲ್ಲು ಬ್ಯಾಡ. ಗಿರಣಿ ಚಿಮಣಿ ಕಿಡಿ ನಮ್ಮ ಮನೀತನ ಹಾರಿ ಬರ್ತಾವ.

... ಕಿಡಕಿಗಿ ವಾಳದ ಬೇರಿನ ತಟ್ಟಿನೂ ಕಟ್ಟಿ ನೋಡೀವಲ್ರಿ. ನೀರು ಹೊಡೆದಷ್ಟು ಹೊತ್ತು ತಂಪು. ಮ್ಯಾಲಿನ ತಗಡು ರೊಟ್ಟಿ ಹಂಚಿನಂಗ ಕಾಯೋದು ಕಾಯ್ತದ. ನೀವು ಮೊದಲೇ ಅಂದಿದ್ರಿ, ಹೌದು.

... ಸಾಮಾನು? ತೊಲಿ ಇಲ್ಲೇ ಸಿಗ್ತಾವ. ಜಂತಿ ನೀವು ಕಳಸ್ರಿ. ಬೇವಿನ ತಪ್ಪಲ ಗಾಡಿ ತುಂಬ ಇರಲಿ, ಜಂತಿ ಮ್ಯಾಲ ದಪ್ಪಗ ಹಾಸಬೇಕು. ಅದರ ಮ್ಯಾಲ ಹಾಳಮಣ್ಣು. ನಿಮ್ಮ ಹಳ್ಳದ ದಂಡೀದೇ ಬೇಕು, ಬೆಳ್ಳಂದು. ಅದು ಮಳಿನೂ ಒಳಗ ಬಿಡಂಗಿಲ್ಲ, ಬಿಸಿಲೂ ಬಿಡಂಗಿಲ್ಲ. ನಿಮಗ ಹೇಳೋದೇನದ.

... ಯಾವಾಗಂದ್ರ? ಇವತ್ತೇ ಗಾಡಿ ಹೂಡ್ರಿ.

... ಹೌದ್ರಿ, ಅಂದಿದ್ದೆ. ಶಿವಕಾಂತ ಹಡೆಯೋತನ ಬ್ಯಾಡ ಅಂತ ನಾನೇ ಅಂದಿದ್ದೆ. ಬಸುರಿ ಇರೋ ಮನ್ಯಾಗ ಮಾಳಿಗಿ ಹಾಕಬಾರದು, ಮೊಳಿ ಸುದ್ದಾ ಹೊಡೀಬಾರದು ಅಂತ ನಮ್ಮ ಅವ್ವ ಅಂದ್ಳು. ನಿಮ್ಮ ಅವ್ವನೂ ಹೌದಂದ್ರು. ನೀವೂ ತಲಿ ಆಡಿಸಿದ್ರಿ. ಹಿರಿಯಾರ ಮಾತು ಯಾಕ ಮೀರೋದು, ಕೂಸು ಹುಟ್ಟಿದ ಮ್ಯಾಲ ಹಾಕ್ಸಿದ್ರಾಯ್ತು ಅಂದ್ವಿ. ಹೌದಲ್ರಿ?

... ಈಗ ಅಡ್ಡಿ ಇಲ್ರಿ.

... ಹಾಕಬಹುದು ಅಂದ್ರ ಹಾಕಬಹುದು. ಅಡ್ಡಿ ಇಲ್ಲ.

... ಹಾಂ... ಹಾಂ, ಮೊನ್ನಿ ಮಧ್ಯಾಹ್ನ. ದಿನ ತುಂಬಿರಲಿಲ್ಲ. ಭಾಳ ಝಳ ಇತ್ತು. ಶಿವಕಾಂತ ನೆಲಕ್ಕ ನೀರು ಸುರುವಿ ಅದರ ಮ್ಯಾಲೇ ಮಲಗಿದ್ಳಂತ. ಮೈ ಕಾದು ಎಚ್ಚರ ತಪ್ಪಿತ್ತು. ನಾ ಗಿರಣ್ಯಾಗ ಇದ್ದೆ. ಕೂಸು ಹುಟ್ಟಿತ್ರಿ. ಅಳಲಿಲ್ಲ.

... ಮಾವಾರೇ. ಮಾವಾರೇ, ಕೇಳ್ರಿ. ನಿಮ್ಮ ತಂಗಿ ಅದಾಳ. ಜೀವಂತ ಅದಾಳ. ಜ್ವರ ಇಳಿದಿಲ್ಲ. ಅದೇ ಪತ್ರಾಸಿನ ಕೆಳಗ ಮಲಗ್ಯಾಳ. ಬಾಜು ಮನಿ ಜುಬೇದಾ, ನಮ್ಮಲ್ಲಿ ತಂಪದ ಬಾ ಅಂತ ಕೈ ಹಿಡಿದು ಎಬ್ಬಿಸಿದ್ರು. ಏಳಲಿಲ್ಲ. ಕೂಸು ಇಲ್ಲೇ ಇತ್ತಲ್ಲ ಅಂತಾಳ. ಮೋಮಿನಪುರದ ಹಕೀಮ್ ಸಾಬ್ರು ಬಂದು ನೋಡಿದ್ರು. ಈ ಕಾವಿನಾಗ ಇಟ್ರ ಅಕಿನೂ ಉಳಿಯಂಗಿಲ್ಲ ಅಂದ್ರು. ಅದಕ್ಕೇ ಇವತ್ತೇ ಹೂಡ್ರಿ ಅಂದದ್ದು. ತಗಡು ಇಳಿಯೋದು ಕಣ್ಣಿಂದ ನೋಡಿದ್ರ ಏಳ್ತಾಳೇನೋ ಅನಸ್ತದ.

... ಇಲ್ರಿ, ನನಗ ಅಳು ಬರವಲ್ದು. ಏನೂ ಆಗವಲ್ದು. ಜಂತಿ ಎಷ್ಟು ಬೇಕು, ತಪ್ಪಲ ಎಷ್ಟು ಬೇಕು, ಅದೇ ತಲ್ಯಾಗ ತಿರಗ್ತದ.

... ನಮ್ಮ ಅವ್ವ? ಮನ್ಯಾಗ ಮೂಲಿ ಹಿಡಿದು ಕುಂತಾಳ. ಕಲ್ಯಾಣಪ್ಪಗ ಫೋನ್ ಮಾಡು, ಬೇವಿನ ತಪ್ಪಲ ತರಸು ಅಂತ ಅಕೀನೇ ಅಂದ್ಳು. ಯಾರೂ ಯಾರಿಗೂ ಏನೂ ಅಂದಿಲ್ರಿ.

... ಏನಂದ್ರಿ? ಖರ್‌ಖರ್ ಅನ್ಲಾಕತ್ತದ... ಹಾಂ, ನೀವೂ ಗಾಡಿ ಜೋಡಿನೇ ಬರ್ರಿ... ಏನು ಕೂಸಂತ ಕೇಳಿದ್ರಾ?

... ಹೆಣ್ಣು.

... ಹಲೋ? ಕೇಳಿಸ್ತಾ? ಹೆಣ್ಣು ಕೂಸು ರೀ. ತಲಿ ತುಂಬ ಕೂದಲಿತ್ತು... ಹಲೋ? ಮಾವಾರೇ?... ಹಲೋ...