ಹೆಗಲ ಮೇಲಿನ ರೊಟ್ಟಿ

ಇಡೀ ಶಿರಾಜ್ ನಗರದಲ್ಲಿ ನನ್ನಂಥ ಕಿವಿ ಇನ್ನೊಬ್ಬರಿಗಿಲ್ಲ. ಇರುವೆ ಸೀನಿದರೂ ಕೇಳುತ್ತದೆ. ಅಂದು ಬೆಳಿಗ್ಗೆ ರೊಟ್ಟಿ ಅಂಗಡಿಯ ಗಂಡಸರ ಸಾಲು ಸಮುದ್ರದವರೆಗೆ ಹೋಗಿತ್ತು. ನನ್ನ ಮುಂದೆ ಎಳೆಗಡ್ಡದ ಬರ್ದಿಯಾ. ಪಕ್ಕದ ಹೆಂಗಸರ ಸಾಲಿನಲ್ಲಿ ಕಪ್ಪು ಚಾದರ ಹೊದ್ದ ಅವನ ಸೋದರತ್ತೆ.

“ಈ ಸಾಲಿಗೆ ಬಾರೇ.”

“ನಾನು ಗಂಡಸು, ಅತ್ತೆ. ಇಲ್ಲೇ ನಿಲ್ತೀನಿ.”

“ಹೆಣ್ಣಾಗಿ ಹುಟ್ಟಿದ ನಿನ್ನನ್ನ ಡಾಕ್ಟ್ರು, ಕೋರ್ಟು ಗಂಡಸು ಅಂತ ಒಪ್ಪಿದ್ರೂ ನಿನ್ನ ಚಿಕ್ಕಪ್ಪಂದಿರು ಒಪ್ಪಲ್ಲ ಕಣೇ. ಮಧ್ಯಾಹ್ನ ಅಪ್ಪನ ಮಣ್ಣಿಗೆ ಚಾದರ ಹೊದ್ದು ಹೆಂಗಸರ ಜೊತೆ ನಿಲ್ಲಬೇಕಂತೆ. ಇಲ್ಲಾಂದ್ರೆ ಬರಲೇಬೇಡ ಅಂದಿದ್ದಾರೆ.”

“ಚಾದರ ಹೊದ್ದರೆ ಈ ಗಡ್ಡ ಎಲ್ಲಿಡ್ಲಿ?”

“ನಗಿಸಬೇಡ, ಅಳು ಬರುತ್ತೆ.”

“ಅಪ್ಪನ್ನ ಹೊರೋ ಜನಾಜಾಕ್ಕೆ ಹೆಗಲು ಕೊಡೋರು ಯಾರು?”

“ಚಿಕ್ಕಪ್ಪಂದಿರು ಮೂವರು. ನಾಲ್ಕನೇ ಮೂಲೆಗೆ ತರಕಾರಿ ಅಂಗಡಿಯವನನ್ನ ಕರೆದಿದ್ದಾರೆ.”

“ಅಪ್ಪನಿಗೆ ಕೊಳೆತ ಬದನೆಕಾಯಿ ಮಾರ್ತಿದ್ದನಲ್ಲ, ಅವನನ್ನಾ?”

“ಅವನನ್ನೇ. ಅಣ್ಣನಿಗೆ ಗಂಡುಮಕ್ಕಳಿಲ್ಲವಲ್ಲ ಅಂದ್ರು.”

“ಅತ್ತೆ, ಕಾಯಿಲೆ ಬಿದ್ದಾಗ ಅಪ್ಪನ್ನ ಬಚ್ಚಲಿಗೆ ಹೊತ್ಕೊಂಡು ಹೋಗ್ತಿದ್ದೋನು ನಾನು. ‘ನನ್ನ ಮಗನ ಹೆಗಲು ಗಟ್ಟಿ’ ಅಂತಿದ್ರು. ನೀವೂ ಕೇಳಿದ್ರಿ.”

“ಕೇಳಿದ್ದೆ.”

“ಅದನ್ನ ಅವರಿಗೆ ಹೇಳ್ತೀರಾ?”

ಇಬ್ಬರ ರೊಟ್ಟಿಯೂ ಬಂತು. ಅತ್ತೆ ತಮ್ಮದನ್ನು ಎದೆಗವಚಿಕೊಂಡರು.

“ಇಲ್ಲಿ ಹೇಳ್ತೀನಿ ಕಣೋ, ನೀನು ನಮ್ಮಣ್ಣನ ಮಗ. ಅಲ್ಲಿ ನನ್ನ ನಾಲಿಗೆ ಏಳಲ್ಲ.”

ಅವರು ಸಾವಿನ ಮನೆಯ ಕಡೆ ಹೊರಟರು. ಬರ್ದಿಯಾ ಆಳುದ್ದದ ರೊಟ್ಟಿಯನ್ನು ಬಲ ಹೆಗಲಿಗೇರಿಸಿ, ಒಂದು ಕೈಯ ಆಸರೆ ಕೊಟ್ಟು, ಲೋಕದಲ್ಲಿ ರೊಟ್ಟಿ ಹೊತ್ತವರು ಯಾರೂ ನಡೆಯದಷ್ಟು ನಿಧಾನವಾಗಿ ಎದುರು ದಿಕ್ಕಿಗೆ ನಡೆದ.